ಹೃದಯದ ಹೊರಪೊರೆಯ ಉರಿಯೂತ
ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಅನೇಕರು ಬೆಂಗಳೂರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳುತ್ತಾರೆ. ಅಂಥವರ ಮನೆಯವರಿಗೆ ನಮ್ಮದೊಂದು ಮಾತು. ಶಸ್ತ್ರಚಿಕಿತ್ಸೆಯಾದ 1ರಿಂದ 6 ವಾರಗಳಲ್ಲಿ ಕೆಲವರಿಗೆ ಜ್ವರ ಬರುವುದುಂಟು. ದೀರ್ಘವಾಗಿ ಉಸಿರೆಳೆದರೆ, ಅಂಗಾತ ಮಲಗಿದರೆ ಎದೆ ನೋಯುವುದು. ಮುಂದಕ್ಕೆ ಬಾಗಿ ಕುಳಿತರೆ ತಗ್ಗುವುದು. ಗಾಯಗೊಂಡ ಹೃದಯದ ಹೊರಪೊರೆಯ ಮೇಲೆ ದೇಹದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಉಂಟಾಗುವ ಉರಿಯೂತವಿದು. ಹೃದಯಾಘಾತದ ತರುವಾಯವೂ ಇಂಥದೇ ಉರಿಯೂತ ಬರುವುದೆಂದು ಡ್ರೆಸ್ಲರ್ ಎಂಬ ವೈದ್ಯರು 1956ರಲ್ಲಿ ವಿವರಿಸಿದರು. ಎಕೋ ಪರೀಕ್ಷೆಯಿಂದ ಬೇಗ ತಿಳಿದರೆ ಬಹುಮಟ್ಟಿಗೆ ಮಾತ್ರೆಗಳಿಂದಲೇ ಗುಣವಾಗುತ್ತದೆ. ತಡವಾಗಿ, ಪೊರೆಯೊಳಗೆ ನೀರು ತುಂಬಿ ಹೃದಯವನ್ನು ಅದುಮಿದರೆ ಪ್ರಾಣಕ್ಕೇ ಅಪಾಯ. ಮಕ್ಕಳಿಗೆ ಮತ್ತೆ ಹೊರೆಯಾಗಬಾರದೆಂದು ಹಿರಿಯರು ನೋವನ್ನು ನುಂಗಿಕೊಳ್ಳುವರು. ಆದುದರಿಂದ ಅವರು ಹೇಳಲೆಂದು ಕಾಯದೆ, "ಉಸಿರೆಳೆದರೆ ನೋಯುವುದೇ?" ಎಂದು ನಾವೇ ಕೇಳೋಣ; ಹೌದೆಂದರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯೋಣ.