ಗರ್ಮಿ ಯಾರ ರೋಗ?

ನಮ್ಮ ಕಡೆ ಇದಕ್ಕೆ ಗರ್ಮಿ ಅಂತಾರೆ. ಕೆಲವರು ಪರಂಗಿ ಹುಣ್ಣು ಅಂತಾರೆ. ಡಾಕ್ಟರ ಚೀಟಿಯಲ್ಲಿ ಸಿಫಿಲಿಸ್ ಅಂತ ಬರೆದಿರುತ್ತದೆ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ಕೇರಿಯಲ್ಲೂ ಇದನ್ನು ಬಾಯಿಬಿಟ್ಟು ಹೇಳುವವರಿಲ್ಲ. ಹೇಳಿದರೂ ಎರಡೇ ಮಾತು. ಒಂದು, ‘ಅಕೀ ಕಡಿಂದ ಬಂತು’. ಇನ್ನೊಂದು, ‘ಎಲ್ಲಮ್ಮನ ಕಾಟ’. ಗೆಳೆಯರೆ, ಎರಡೂ ಸುಳ್ಳು.

ಗರ್ಮಿ ಒಂದು ರೋಗಾಣುವಿನಿಂದ ಬರುತ್ತದೆ. 1905ರಲ್ಲೇ ಜರ್ಮನಿಯ ವಿಜ್ಞಾನಿಗಳು ಸುರುಳಿಯಂತಿರುವ ಆ ಜೀವಿಯನ್ನು ಕಂಡುಹಿಡಿದರು. ಅದು ದೇಹಸಂಬಂಧದಿಂದ ಹರಡುತ್ತದೆ, ಬಸುರಿ ತಾಯಿಯಿಂದ ಕೂಸಿಗೆ ಹೋಗುತ್ತದೆ. ಜೊತೆಗೆ ಕೂತು ಉಂಡರೆ, ಒಂದೇ ಕೊಡದ ನೀರು ಕುಡಿದರೆ ಬರುವುದಿಲ್ಲ. ಮುಟ್ಟಿದರೆ ಮೈಲಿಗೆ ಎಂಬ ಮಾತನ್ನು ತಲೆತಲಾಂತರದಿಂದ ಉಂಡ ನಾವು ಅದೇ ಮಾತನ್ನು ರೋಗಿಗೆ ಬಡಿಸಬಾರದು.

ಈ ರೋಗದ ಮೋಸ ತಿಳಿಯಬೇಕು. ಸೋಂಕು ತಗುಲಿದ ಸುಮಾರು ಮೂರು ವಾರಕ್ಕೆ ಗುಪ್ತಾಂಗದಲ್ಲೋ ಬಾಯಲ್ಲೋ ಒಂದು ಹುಣ್ಣು ಏಳುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಹೆಂಗಸರಿಗೆ ಒಳಗಡೆ ಆದರೆ ಕಾಣುವುದೂ ಇಲ್ಲ. 3ರಿಂದ 6 ವಾರದಲ್ಲಿ ತಾನಾಗಿ ಮಾಯುತ್ತದೆ. ಭಂಡಾರ ಹಚ್ಚಿದವರು ಭಂಡಾರದಿಂದ ವಾಸಿಯಾಯಿತು ಅಂದುಕೊಳ್ಳುತ್ತಾರೆ. ವಾಸಿಯಾಗಿಲ್ಲ, ರಕ್ತಕ್ಕೆ ಇಳಿದಿದೆ. ಮುಂದೆ ಮೈಮೇಲೆ, ಅಂಗೈ ಅಂಗಾಲಿನಲ್ಲಿ ತುರಿಕೆಯಿಲ್ಲದ ಗಂದೆ ಏಳಬಹುದು. ಅದೂ ಹೋಗುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು ಕೊನೆಗೆ ಕೆಲವರ ಹೃದಯ, ಮಿದುಳು, ಕಣ್ಣು ತಿನ್ನುತ್ತದೆ. ಬಸುರಿಗೆ ಚಿಕಿತ್ಸೆ ಸಿಗದಿದ್ದರೆ ಗರ್ಭ ಹೋಗಬಹುದು, ಕೂಸು ಸತ್ತು ಹುಟ್ಟಬಹುದು.

ಮದ್ದಿಲ್ಲವೇ? ಐತಿ. 1943ರಿಂದ ಪೆನಿಸಿಲಿನ್ ಐತಿ. ಮೊದಮೊದಲ ಹಂತದಲ್ಲಿ 24 ಲಕ್ಷ ಯೂನಿಟ್ಟಿನ ಬೆಂಜಥೀನ್ ಪೆನಿಸಿಲಿನ್ ಒಂದೇ ಸಲ ಸಾಕು. ಹಳೆಯದಾದರೆ ವಾರಕ್ಕೊಂದರಂತೆ ಮೂರು. ಮದ್ದು ಅಗ್ಗದ್ದು. ತುಟ್ಟಿಯಾಗಿರುವುದು ಆಸ್ಪತ್ರೆಯ ಬಾಗಿಲಲ್ಲಿ ನಮ್ಮವರು ಕೊಡಬೇಕಾದ ಮರ್ಯಾದೆ.

ಹಾಗಾದರೆ ಯಾರಿಗೆ ಅಪಾಯ? ನಿರೋಧ್ ಇಲ್ಲದೆ ಕೂಡುವ ಯಾರಿಗಾದರೂ. ರೋಗಾಣು ಜಾತಿ ಕೇಳುವುದಿಲ್ಲ. ಆದರೆ ‘ಬ್ಯಾಡ’ ಅನ್ನುವ ಹಕ್ಕು ಜಾತಿ ಕೇಳುತ್ತದೆ, ಹಣ ಕೇಳುತ್ತದೆ, ಗಂಡೋ ಹೆಣ್ಣೋ ಎಂದು ಕೇಳುತ್ತದೆ. ಸವದತ್ತಿಯಲ್ಲಿ, ಕೊಕಟನೂರಿನಲ್ಲಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರು ಯಾವ ಕೇರಿಯವರು? ಹೆಚ್ಚಿನವರು ನಮ್ಮವರೇ. 1982ರಲ್ಲಿ ಕಾನೂನು ಬಂತು. ಆದರೂ ‘ನಿರೋಧ್ ಹಾಕು’ ಎಂದು ಸಾಹುಕಾರನಿಗೆ ಹೇಳುವ ಧೈರ್ಯ ಅವರಿಗೆ ಯಾರು ಕೊಟ್ಟರು? ಮುಂಬಯಿಗೋ ಗೋವಾಕ್ಕೋ ದುಡಿಯಲು ಹೋಗಿ ಬಂದ ಗಂಡನನ್ನು ಕೇಳುವ ಧೈರ್ಯ ನಿಪ್ಪಾಣಿಯ ಬೀಡಿ ಕಟ್ಟುವ ಅಕ್ಕನಿಗೆ ಯಾರು ಕೊಟ್ಟರು? ಸಾಹುಕಾರನ ಹೆಂಡತಿಗೂ ಆ ಧೈರ್ಯ ಇಲ್ಲ. ರೋಗ ಹೊತ್ತು ಮನೆಮನೆಗೆ ಹಂಚಿದ ಗಂಡಸಿನ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ.

ಅಮೆರಿಕದ ಟಸ್ಕಿಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಡಾಕ್ಟರುಗಳು ಸುಮಾರು 400 ಬಡ ಕಪ್ಪು ಗಂಡಸರ ಗರ್ಮಿ ಹೇಗೆ ಬೆಳೆಯುತ್ತದೆಂದು ನೋಡುತ್ತ ಕೂತರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಮದ್ದಿದ್ದೂ ಕೊಡದಿರುವುದು ರೋಗವಲ್ಲ, ಅನ್ಯಾಯ. ನಾಚಿಕೆಯ ಹೆಸರಲ್ಲಿ ನಮ್ಮವರನ್ನು ಮದ್ದಿನಿಂದ ದೂರ ಇಟ್ಟರೆ ನಾವು ಮಾಡುವುದೂ ಅದನ್ನೇ.

ಗಡಿಯಾಚೆ ಸಾಂಗ್ಲಿಯಲ್ಲಿ 1996ರಲ್ಲಿ ಹೆಂಗಸರೇ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಕಟ್ಟಿದರು. ಊರು ಹಳಿದ ಹೆಂಗಸರೇ ನಿರೋಧ್ ಹಂಚಿದರು, ಆಸ್ಪತ್ರೆಯಲ್ಲಿ ಮರ್ಯಾದೆ ಕೇಳಿದರು. ಅವರು ಮಾಡಿದ್ದನ್ನು ನಾವೂ ಮಾಡಬಹುದು.

ಆದ್ದರಿಂದ: ಹುಣ್ಣು ಮಾಯಿತೆಂದು ಸುಮ್ಮನಿರಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಬಸುರಿಯರು ಮೊದಲ ತಿಂಗಳುಗಳಲ್ಲೇ ಮಾಡಿಸಲಿ. ಸುರಕ್ಷಾ ಕ್ಲಿನಿಕ್ ಇರುವ ಸರ್ಕಾರಿ ಆಸ್ಪತ್ರೆಯಲ್ಲಿ ಇದು ಪುಕ್ಕಟೆ. ಎಚ್‌ಐವಿ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ, ಗರ್ಮಿಯ ಹುಣ್ಣು ಅದಕ್ಕೂ ದಾರಿ ಮಾಡುತ್ತದೆ. ಹೆಣ್ಣಿಗೊಬ್ಬಳಿಗೇ ಮದ್ದು ಕೊಟ್ಟರೆ ರೋಗ ಮತ್ತೆ ಬರುತ್ತದೆ, ಗಂಡಸೂ ಚುಚ್ಚಿಸಿಕೊಳ್ಳಲಿ.

ಸಂಘದ ಹುಡುಗರೆ, ಆಸ್ಪತ್ರೆಗೆ ಹೋಗಲು ಅಂಜುವ ಅಕ್ಕನ ಜೊತೆ ನಡೆಯಿರಿ. ಅದಕ್ಕೂ ಮೊದಲು ನಿಮ್ಮ ತೋಳು ಚಾಚಿ, ನಿಮ್ಮ ರಕ್ತ ಕೊಡಿ.