ಕಾಫಿ ಸೀಮೆಯ ಹೆದ್ದಾರಿ: ಅಗಲಕ್ಕಿಂತ ಬಾಳಿಕೆ ಮುಖ್ಯ

ಚಿಕ್ಕಮಗಳೂರು ನಗರದ ವ್ಯಾಪಾರದ ಬೇರು ನಗರದೊಳಗಿಲ್ಲ. ಅದು ಆಲ್ದೂರು, ಮೂಡಿಗೆರೆ, ಬಣಕಲ್, ಬಾಳೆಹೊನ್ನೂರು, ಕಳಸ ಭಾಗದ ತೋಟಗಳಲ್ಲಿದೆ. ಕಾಫಿ, ಕಾಳುಮೆಣಸು, ಅಡಿಕೆ ನಗರದ ಕ್ಯೂರಿಂಗ್ ವರ್ಕ್ಸ್ ಹಾಗೂ ಗೋದಾಮುಗಳಿಗೆ ಇಳಿಯುತ್ತವೆ. ಗೊಬ್ಬರ, ಡೀಸೆಲ್, ದಿನಸಿ, ಸಿಮೆಂಟು, ಪಲ್ಪರ್ ಯಂತ್ರಗಳ ಬಿಡಿಭಾಗಗಳು ಅದೇ ದಾರಿಯಲ್ಲಿ ಮೇಲೇರುತ್ತವೆ. 2013ರ ನವೆಂಬರ್‌ನಲ್ಲಿ ಕಡೂರು–ಚಿಕ್ಕಮಗಳೂರು ರೈಲು ಮಾರ್ಗ ಆರಂಭವಾದರೂ ತೋಟದಿಂದ ನಗರದವರೆಗಿನ ಸಾಗಾಟಕ್ಕೆ ರಸ್ತೆಯೊಂದೇ ಗತಿ.

ನಗರದಿಂದ ಮೂಡಿಗೆರೆಯವರೆಗಿನ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 173ರ ಭಾಗ. ಮೂಡಿಗೆರೆಯಿಂದ ಕೊಟ್ಟಿಗೆಹಾರದವರೆಗೆ ರಾಷ್ಟ್ರೀಯ ಹೆದ್ದಾರಿ 73 ಇದೆ. ಅಲ್ಲಿಂದ ಕಳಸಕ್ಕೆ ಹೋಗುವ ರಸ್ತೆಯಾಗಲಿ, ಬಾಳೆಹೊನ್ನೂರು, ಮಾಗುಂಡಿ ಮೂಲಕ ಕಳಸ ಸೇರುವ ರಸ್ತೆಯಾಗಲಿ ರಾಜ್ಯದ ಹೊಣೆ. ಹಿಂದೆ ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಕಳಸ ಈಗ ಪ್ರತ್ಯೇಕ ತಾಲ್ಲೂಕು. ಆಡಳಿತದಲ್ಲಿ ಬಡ್ತಿ ದೊರೆತರೂ ರಸ್ತೆಗೆ ಆ ಬಡ್ತಿ ದೊರೆತಿಲ್ಲ.

ರಸ್ತೆಯ ಮಾತು ಬಂದಾಗಲೆಲ್ಲ ವರ್ತಕ ವಲಯದಿಂದ ಕೇಳಿಬರುವ ಮೊದಲ ಬೇಡಿಕೆ ಅಗಲೀಕರಣ. ಈ ಬೇಡಿಕೆಯನ್ನು ಮರುಪರಿಶೀಲಿಸುವುದು ಅಗತ್ಯ. ಮಲೆನಾಡಿನಲ್ಲಿ ಅಗಲೀಕರಣವೆಂದರೆ ಗುಡ್ಡದ ಬುಡ ಕಡಿಯುವುದು. ಅರಣ್ಯ ಭೂಮಿ ಅಡ್ಡ ಬಂದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು, ಕಡತವು ವರ್ಷಗಟ್ಟಲೆ ಅಲೆಯುತ್ತದೆ. ಕಡಿದ ಗುಡ್ಡಕ್ಕೆ ಆಸರೆ ಕಟ್ಟದಿದ್ದರೆ ಮುಂದಿನ ಮಳೆಗೆ ಅದೇ ಮಣ್ಣು ರಸ್ತೆಯ ಮೇಲಿರುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗ ಮಂಗಳೂರಿನ ಸರಕು ಶಿರಾಡಿಯ ಸುತ್ತು ಹಾದಿ ಹಿಡಿಯಬೇಕಾಯಿತು. ವ್ಯಾಪಾರಕ್ಕೆ ಅಂದು ಪೆಟ್ಟು ಬಿದ್ದದ್ದು ರಸ್ತೆ ಕಿರಿದಾಗಿದ್ದುದರಿಂದಲ್ಲ, ರಸ್ತೆಯೇ ಇಲ್ಲವಾದುದರಿಂದ.

ನೀರಿಗೆ ದಾರಿ ಮೊದಲು

ಮಲೆನಾಡಿನ ರಸ್ತೆಯನ್ನು ಕೆಡಿಸುವುದು ನೀರು. ಗುಡ್ಡದ ಬದಿಯ ಚರಂಡಿ ಕಟ್ಟಿಕೊಂಡರೆ, ಮೋರಿ ಹೂಳು ತುಂಬಿದರೆ ನೀರು ಡಾಂಬರಿನ ಮೇಲೆ ಹರಿದು ಅಂಚಿನಿಂದ ಒಳಗೆ ಇಳಿಯುತ್ತದೆ. ನೆನೆದ ಬುನಾದಿಯ ಮೇಲೆ ಲಾರಿಯ ಗಾಲಿ ಒತ್ತಿದಾಗ ಮೇಲಿನ ಪದರ ಸೀಳುತ್ತದೆ. ಮೇ ತಿಂಗಳೊಳಗೆ ಚರಂಡಿ, ಮೋರಿಗಳನ್ನು ತೆರವುಗೊಳಿಸಲು ತಗಲುವ ಖರ್ಚು, ಮಳೆಗಾಲದ ನಂತರ ಡಾಂಬರು ಹಾಕುವ ಖರ್ಚಿನ ಸಣ್ಣ ಪಾಲು ಮಾತ್ರ. ಕಳಸ–ಹೊರನಾಡು ನಡುವೆ ಭದ್ರಾ ನದಿಯ ಮೇಲಿರುವ ಹೆಬ್ಬಾಳೆ ಸೇತುವೆ ದೊಡ್ಡ ಮಳೆ ಬಂದಾಗಲೆಲ್ಲ ಮುಳುಗುವುದು ಎಲ್ಲರೂ ಬಲ್ಲ ಸಂಗತಿ. ಹತ್ತಾರು ಕಿಲೋಮೀಟರ್ ರಸ್ತೆ ಚೆನ್ನಾಗಿದ್ದರೂ ಒಂದು ತಗ್ಗು ಸೇತುವೆ ಇಡೀ ದಾರಿಯನ್ನು ಮುಚ್ಚಬಲ್ಲದು.

ಇನ್ನೊಂದು ತೊಡಕು ಕಾಲದ್ದು. ಡಾಂಬರು ಕೆಲಸಕ್ಕೆ ಒಣ ಹವೆ ಬೇಕು. ಇಲ್ಲಿ ಅದು ದೊರೆಯುವುದು ಸ್ಥೂಲವಾಗಿ ನವೆಂಬರ್‌ನಿಂದ ಮೇ ತಿಂಗಳವರೆಗೆ. ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ ಕೊಯ್ಲೂ ಇದೇ ಅವಧಿಯಲ್ಲಿ. ಹಣಕಾಸು ವರ್ಷದ ಕೊನೆಗೆ ಅನುದಾನ ಮುಗಿಸುವ ಅವಸರದಲ್ಲಿ ಮಾರ್ಚ್‌ನಲ್ಲಿ ಕೆಲಸ ಹಿಡಿದರೆ ಸಾಗಾಟಕ್ಕೂ ಅಡ್ಡಿ, ಕಾಮಗಾರಿಯೂ ಕಳಪೆ. ಟೆಂಡರ್ ಪ್ರಕ್ರಿಯೆ ಮಳೆಗಾಲದಲ್ಲೇ ಮುಗಿದು ಅಕ್ಟೋಬರ್ ವೇಳೆಗೆ ಕಾರ್ಯಾದೇಶ ಸಿದ್ಧವಿರಬೇಕು.

ವರ್ತಕರ ಪಾಲಿನ ಹೊಣೆ

ಸರ್ಕಾರವನ್ನು ಪ್ರಶ್ನಿಸುವ ವಾಣಿಜ್ಯ ವಲಯ ತನ್ನ ಲಾರಿಗಳತ್ತಲೂ ನೋಡಬೇಕು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ರಸ್ತೆ ಪರೀಕ್ಷೆ ಕಂಡುಕೊಂಡಂತೆ, ಅಚ್ಚಿನ ಮೇಲಿನ ಭಾರ ಹೆಚ್ಚಿದಾಗ ರಸ್ತೆಗೆ ಆಗುವ ಹಾನಿ ಸುಮಾರು ನಾಲ್ಕನೇ ಘಾತದಲ್ಲಿ ಏರುತ್ತದೆ. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಚಕ್ರಗಳ ಒಂದು ಅಚ್ಚಿನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಇದೇ ಲೆಕ್ಕದಲ್ಲಿ, ಕಾನೂನುಬದ್ಧ ಭಾರದಿಂದಲೇ ಹಾನಿ ಶೇ. 60ರಷ್ಟು ಹೆಚ್ಚುತ್ತದೆ. ಅದರ ಮೇಲೆ ಮತ್ತಷ್ಟು ಮೂಟೆ, ಮತ್ತಷ್ಟು ನಾಟಾ ಹೇರಿದರೆ ಹಳೆಯ ಮೋರಿಗಳು ತಾಳುವುದು ಹೇಗೆ? ಮೋಟಾರು ವಾಹನ ಕಾಯ್ದೆಯ 194ನೇ ಕಲಮು ಅಧಿಕ ಭಾರದ ವಾಹನ ಓಡಿಸುವವನನ್ನು ಮಾತ್ರವಲ್ಲ, ಓಡಿಸಲು ಬಿಡುವವನನ್ನೂ ಹೊಣೆಯಾಗಿಸುತ್ತದೆ. ಒಂದು ಸುತ್ತಿನ ಬಾಡಿಗೆ ಉಳಿಸಲು ಹೋಗಿ ಇಡೀ ಹಂಗಾಮಿನ ರಸ್ತೆಯನ್ನು ಕಳೆದುಕೊಳ್ಳುವುದು ಲಾಭದ ವ್ಯವಹಾರವಲ್ಲ. ಹಾಳಾದ ರಸ್ತೆಯಲ್ಲಿ ದಿನಕ್ಕೆ ಎರಡು ಸುತ್ತು ಬರುತ್ತಿದ್ದ ಲಾರಿ ಒಂದೇ ಸುತ್ತಿಗೆ ನಿಂತರೆ ಬಾಡಿಗೆ ಏರುತ್ತದೆ. ಅದರ ಹೊರೆ ಬೆಳೆಗಾರನಿಗೆ ಸಿಗುವ ದರದಲ್ಲಿ ಇಲ್ಲವೇ ವರ್ತಕನ ಲಾಭದಲ್ಲಿ ಕಡಿತವಾಗುತ್ತದೆ.

ಮಾಡಬೇಕಾದದ್ದು

ರಸ್ತೆಗೆ ಹಣ ಹಂಚುವಾಗ ವಾಹನ ಗಣತಿ ಮುಖ್ಯ ಆಧಾರ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಗಣತಿ ವರ್ಷಕ್ಕೆ ಕನಿಷ್ಠ ಎರಡು ಬಾರಿ, ತಲಾ ಏಳು ದಿನ ನಡೆಯಬೇಕು. ಒಂದು ಕೊಯ್ಲು, ಮಾರಾಟದ ಹಂಗಾಮಿನಲ್ಲಿ, ಇನ್ನೊಂದು ಬಿಡುವಿನ ಕಾಲದಲ್ಲಿ. ಕಾಫಿ ಸೀಮೆಯಲ್ಲಿ ಹಂಗಾಮಿನ ಗಣತಿ ಜನವರಿ–ಫೆಬ್ರವರಿಯಲ್ಲೇ ನಡೆಯುವಂತೆ ಲೋಕೋಪಯೋಗಿ ಇಲಾಖೆಯನ್ನು ಒತ್ತಾಯಿಸಬೇಕು. ಸಂಖ್ಯೆಯ ಜೊತೆಗೆ ಸರಕಿನ ಮೌಲ್ಯವನ್ನೂ ಪರಿಗಣಿಸಬೇಕು. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ ಕರ್ನಾಟಕದಲ್ಲಿ ಕೊಡಗಿನ ನಂತರದ ಸ್ಥಾನ ಈ ಜಿಲ್ಲೆಯದು. ‘ಚಿಕ್ಕಮಗಳೂರು ಅರೇಬಿಕಾ’ ಮತ್ತು ‘ಬಾಬಾಬುಡನ್‌ಗಿರಿ ಅರೇಬಿಕಾ’ಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ದೊರೆತಿದೆ. ಹಡಗಿನ ದಿನಕ್ಕೆ ಸರಕು ಮುಟ್ಟದಿದ್ದರೆ ಆ ಹೆಸರಿನಿಂದ ಪ್ರಯೋಜನವಿಲ್ಲ.

ತಗ್ಗು ಸೇತುವೆಗಳ ಎತ್ತರ ಹೆಚ್ಚಿಸುವುದು, ಕುಸಿಯುವ ತಿರುವುಗಳಿಗೆ ತಡೆಗೋಡೆ, ಪ್ರತಿ ಮೇ ತಿಂಗಳಲ್ಲಿ ಚರಂಡಿ ಶುಚಿ, ಹಂಗಾಮಿನಲ್ಲಿ ತೂಕದ ತಪಾಸಣೆ: ಈ ನಾಲ್ಕು ಕೆಲಸಗಳಿಗೆ ದೊಡ್ಡ ಯೋಜನೆಯ ಹೆಸರು ಬೇಕಿಲ್ಲ, ಬಹುಪಾಲು ಈಗಿರುವ ರಸ್ತೆಯ ಮಿತಿಯೊಳಗೇ ಆಗುವಂಥವು. ವಾಣಿಜ್ಯ ಸಂಘಗಳು ಮತ್ತು ಬೆಳೆಗಾರರ ಸಂಘಗಳು ಬೇರೆ ಬೇರೆ ಮನವಿ ಸಲ್ಲಿಸುವ ಬದಲು ಈ ಪಟ್ಟಿಯನ್ನೇ ಒಮ್ಮತದಿಂದ ಮುಂದಿಡಲಿ. ಜೊತೆಗೆ ತಮ್ಮ ಸದಸ್ಯರ ಲಾರಿಗಳು ಮಿತಿ ಮೀರುವುದಿಲ್ಲವೆಂಬ ಮಾತನ್ನೂ ಕೊಡಲಿ. ಹಾಗೆ ಕೇಳಿದಾಗ ಬೇಡಿಕೆಗೆ ತೂಕ ಬರುತ್ತದೆ.