ಸಡಿಲವಾಗುತ್ತಿರುವ ಸಂಬಂಧಗಳು: ಶಿಕಾರಿಪುರ–ಸೊರಬ ಸೀಮೆಯ ಮನೆಗಳು ಹೇಳುವುದೇನು?

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂದು ಒಂದು ದೃಶ್ಯ ಸಾಮಾನ್ಯವಾಗಿದೆ. ದೊಡ್ಡ ಮನೆ, ಅಂಗಳದಲ್ಲಿ ಒಣಗುತ್ತಿರುವ ಅಡಿಕೆ, ಜಗಲಿಯ ಮೇಲೆ ಇಬ್ಬರೇ ಹಿರಿಯರು. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ರಾತ್ರಿ ವಿಡಿಯೊ ಕರೆ ಬರುತ್ತದೆ, ಮೊಮ್ಮಗುವಿನ ಮುಖವೂ ಕಾಣುತ್ತದೆ. ಆದರೆ ಬೆಳಿಗ್ಗೆ ಜ್ವರ ಬಂದರೆ ಮಾತ್ರೆ ತಂದುಕೊಡುವವರು ಪಕ್ಕದ ಮನೆಯವರು. ಮಕ್ಕಳಿಗೆ ಪ್ರೀತಿ ಇಲ್ಲ ಎಂದು ಷರಾ ಬರೆದು ಸುಮ್ಮನಾಗುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ಪ್ರೀತಿ ಇದೆ. ಒಬ್ಬರಿಗೊಬ್ಬರು ಬೇಕಾಗುತ್ತಿದ್ದ ಸಂದರ್ಭಗಳು ಕಡಿಮೆಯಾಗಿವೆ.

ಒಂದು ಕಾಲಕ್ಕೆ ಈ ಭಾಗದಲ್ಲಿ ಭತ್ತದ ನಾಟಿ, ಕೊಯ್ಲು ಎಂದರೆ ಮುಯ್ಯಾಳು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಜಗಳವಾಡಿದವರೂ ಸುಗ್ಗಿಯ ಹೊತ್ತಿಗೆ ಮಾತನಾಡಲೇಬೇಕಿತ್ತು. ಈಗ ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ, ಉಳಿದ ಗದ್ದೆಗೆ ಕೊಯ್ಲಿನ ಯಂತ್ರ ಬರುತ್ತದೆ. ಮದುವೆಗೆ ನಾಲ್ಕು ದಿನ ಮೊದಲೇ ಬಂದು ಅಕ್ಕಿ ಆರಿಸಿ ಚಪ್ಪರ ಹಾಕುತ್ತಿದ್ದ ನೆಂಟರು ಈಗ ಮುಹೂರ್ತಕ್ಕೆ ಛತ್ರಕ್ಕೆ ಬಂದು, ಊಟ ಮುಗಿಸಿ, ಸಂಜೆಯ ಬಸ್ಸಿಗೆ ಹೊರಡುತ್ತಾರೆ. ಅಡುಗೆ ಕಂಟ್ರಾಕ್ಟಿಗೆ ಹೋಗಿದೆ. ಯಾರದೂ ತಪ್ಪಲ್ಲ, ಆದರೆ ಜೊತೆಯಲ್ಲಿ ಕೂತು ಮಾತನಾಡುವ ಆ ನಾಲ್ಕು ದಿನ ಮಾತ್ರ ಹೋಯಿತು.

ಪೇಟೆಯಲ್ಲೂ ಇದೇ ಕಥೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ವರ್ಷವಿಡೀ ಬರೆದದ್ದು ಫಸಲು ಬಂದಾಗ ತೀರುತ್ತಿತ್ತು. ಯಾವ ಮನೆಗೆ ಬಾಣಂತಿ ಬಂದಿದ್ದಾಳೆ, ಯಾವ ಮನೆಯಲ್ಲಿ ಕೈ ಬಿಗಿಯಾಗಿದೆ ಎಂಬುದು ಆ ಪುಟ ನೋಡಿದರೆ ಅಂಗಡಿಯವನಿಗೆ ತಿಳಿಯುತ್ತಿತ್ತು. 2016ರಲ್ಲಿ ಯುಪಿಐ ಬಂತು. ಈಗ ಹಳ್ಳಿಯ ಅಂಗಡಿಯಲ್ಲೂ ಹಣ ಬಂದದ್ದನ್ನು ಪೆಟ್ಟಿಗೆ ಕೂಗಿ ಹೇಳುತ್ತದೆ, ಗಿರಾಕಿ ತಲೆ ಎತ್ತದೆ ಹೊರಡುತ್ತಾನೆ. ವ್ಯವಹಾರ ಚೊಕ್ಕವಾಯಿತು, ಬಾಕಿ ಮುಳುಗುವ ಭಯ ಕಡಿಮೆಯಾಯಿತು. ಜೊತೆಗೆ ಕಷ್ಟ ಸುಖ ಕೇಳುವ ಒಂದು ದಾರಿಯೂ ಮುಚ್ಚಿತು.

ಹಾಗೆಂದು ಹಳೆಯದೆಲ್ಲ ಚಿನ್ನವಾಗಿರಲಿಲ್ಲ. ಕೂಡು ಕುಟುಂಬದಲ್ಲಿ ಸೊಸೆಯಂದಿರು ಬಾಯಿ ಬಿಡುವಂತಿರಲಿಲ್ಲ. ಹೆಣ್ಣುಮಕ್ಕಳ ಓದು ಹೈಸ್ಕೂಲಿಗೇ ನಿಲ್ಲುತ್ತಿತ್ತು. ಸಾಲಗಾರ ತಲೆ ತಗ್ಗಿಸಿಯೇ ಬದುಕಬೇಕಿತ್ತು. ಇವತ್ತಿನ ಹೆಣ್ಣುಮಗಳು ಓದಿ, ದುಡಿದು, ತನ್ನ ಮಾತು ಹೇಳುತ್ತಾಳೆಂದರೆ ಅದು ಗಳಿಕೆಯೇ.

ಜೈನ ಸಮಾಜಕ್ಕೆ ಇದರಲ್ಲಿ ಇನ್ನೊಂದು ಚಿಂತೆಯೂ ಸೇರಿದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಸುಮಾರು 4.4 ಲಕ್ಷ, ಅಂದರೆ ರಾಜ್ಯದ ಜನಸಂಖ್ಯೆಯ ಶೇ. 1ಕ್ಕಿಂತ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಜೈನ ಮಹಿಳೆಯರಿಗೆ ಸರಾಸರಿ 1.6 ಮಕ್ಕಳು. ಒಂದೇ ಮಗುವಿನ ಮನೆಯಲ್ಲಿ ಅಣ್ಣ, ತಂಗಿ ಇರುವುದಿಲ್ಲ. ಆ ಮಗುವಿನ ಮಕ್ಕಳಿಗೆ ಆ ಕಡೆಯಿಂದ ಚಿಕ್ಕಪ್ಪನಾಗಲಿ, ಸೋದರಮಾವನಾಗಲಿ, ಸೋದರತ್ತೆಯಾಗಲಿ ಇರುವುದಿಲ್ಲ. ಮನೆಯಲ್ಲಿ ದಿನವೂ ಕೂಗುತ್ತಿದ್ದ ಹೆಸರುಗಳು ಎರಡೇ ತಲೆಮಾರಿನಲ್ಲಿ ಪುಸ್ತಕದ ಪದಗಳಾಗುತ್ತವೆ. ಅಪ್ಪ ಅಮ್ಮನ ಮುಪ್ಪಿನ ಹೊರೆಯೆಲ್ಲ ಒಂದೇ ಹೆಗಲಿನ ಮೇಲೆ ಬೀಳುತ್ತದೆ.

ಸಂಬಂಧ ನಿಜವಾಗಿ ಮುರಿಯುವುದು ಬಹಳ ಸಲ ಆಸ್ತಿಯ ವಿಷಯದಲ್ಲಿ. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದು, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಆದರೂ ಹಳ್ಳಿಗಳಲ್ಲಿ ನಡೆಯುವುದು ಬೇರೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಒಂದು ಸೀರೆ ಕೊಟ್ಟು ಕಳುಹಿಸುವುದೂ ಉಂಟು. ಸಹಿ ಹಾಕಿದ ತಂಗಿ ಮುಂದಿನ ಹಬ್ಬಕ್ಕೆ ತವರಿಗೆ ಬರುವುದಿಲ್ಲ. ಕೇಳಿದವಳು ಹೇಗೂ ಬರುವಂತಿಲ್ಲ. ಪಹಣಿಯಲ್ಲಿ ಒಂದು ಹೆಸರು ಕಡಿಮೆಯಾಗುತ್ತದೆ, ಮನೆಗೆ ಒಬ್ಬ ಮಗಳೇ ಕಡಿಮೆಯಾಗುತ್ತಾಳೆ.

ಮಗಳಿಗೆ ಅಧಿಕಾರ ಕೊಡುವುದು ಈ ಮಣ್ಣಿಗೆ ಹೊಸದಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ನಡೆಸಿದವಳು ಶ್ರಾವಕಿ ಜಕ್ಕಿಯಬ್ಬೆ. ರೋಗ ಬಂದಾಗ ಅವಳು ಮಗಳನ್ನು ಕರೆಸಿ, ಎಲ್ಲವನ್ನೂ ಒಪ್ಪಿಸಿ, ಇಂದಿನ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳೆಂದು ಶಾಸನ ಹೇಳುತ್ತದೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ: ಬುದ್ಧಿ ನೆಟ್ಟಗಿರುವಾಗಲೇ ಕರೆದು, ಮಾತನಾಡಿ, ಒಪ್ಪಿಸಿದಳು. ಸೊರಬ ತಾಲ್ಲೂಕಿನ ಹಿರೇ ಆವಲಿಯಲ್ಲಿರುವ ನಿಷಿಧಿ ಕಲ್ಲುಗಳೂ ಸತ್ತವರನ್ನು ಯಾರ ಮಗ, ಯಾರ ಹೆಂಡತಿ, ಯಾವ ಗುರುವಿನ ಶಿಷ್ಯ ಎಂದೇ ಗುರುತಿಸುತ್ತವೆ. ಮನುಷ್ಯನ ಗುರುತು ಸಂಬಂಧಗಳಿಂದಲೇ ಎಂದು ಆ ಕಾಲದವರು ತಿಳಿದಿದ್ದರು.

ಇನ್ನೊಂದು ತುದಿಯಲ್ಲಿ, ಎಲ್ಲವನ್ನೂ ಮಗನ ಹೆಸರಿಗೆ ಬರೆದುಕೊಟ್ಟು ಬರಿಗೈಯಾದ ತಂದೆ ತಾಯಿ ಇದ್ದಾರೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ ಅವರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶಕ್ಕೆ ಆದೇಶವಾಗಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು, ನೋಡಿಕೊಳ್ಳದಿದ್ದರೆ, ಕಲಂ 23ರಡಿ ರದ್ದು ಮಾಡಿಸಲು ಅವಕಾಶವಿದೆ. ಆದ್ದರಿಂದ ಆ ಷರತ್ತನ್ನು ಪತ್ರದಲ್ಲೇ ಬರೆಸುವುದು ಜಾಣತನ. ಅದು ಮಗನ ಮೇಲಿನ ಅಪನಂಬಿಕೆಯಲ್ಲ. ವ್ಯಾಪಾರದಲ್ಲಿ ಅಣ್ಣ ತಮ್ಮಂದಿರೂ ಲೆಕ್ಕ ಬರೆದಿಡುತ್ತಾರೆ, ಮನಸ್ಸು ಕೆಡಬಾರದೆಂದೇ.

ಆದರೆ ಕಾನೂನು ಅನ್ನ ಕೊಡಿಸಬಹುದು, ಪಕ್ಕದಲ್ಲಿ ಕೂರಿಸಲಾರದು. ಅದಕ್ಕೆ ಕುಟುಂಬಗಳೇ ಹೊಸ ಸಂದರ್ಭಗಳನ್ನು ಮಾಡಿಕೊಳ್ಳಬೇಕು. ಆಸ್ತಿಯ ಮಾತು ಹಿರಿಯರು ಗಟ್ಟಿಯಾಗಿರುವಾಗಲೇ, ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ನಡೆಯಲಿ. ಊರಿನ ಬಸದಿಗೆ ಸೇರಿದ ಮನೆಗಳವರು ಒಬ್ಬಂಟಿ ಹಿರಿಯರ ಪಟ್ಟಿ ಮಾಡಿ, ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯುವ ಸರದಿ ಹಂಚಿಕೊಳ್ಳಲಿ. ಇದು ಹೊಸ ಕಾಲದ ಮುಯ್ಯಾಳು. ದೂರದಲ್ಲಿರುವ ಮಕ್ಕಳು ಕಳುಹಿಸುವ ಹಣದ ಜೊತೆ, ವರ್ಷಕ್ಕೆ ಒಂದು ವಾರವನ್ನಾದರೂ ಊರಿಗೆಂದು ಎತ್ತಿಡಲಿ.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂದಾಗ ಒಂದೇ ಸಂದೇಶ ನೂರಾರು ಮೊಬೈಲುಗಳಿಗೆ ಹೋಗುತ್ತದೆ. ಮುನಿಸಿಕೊಂಡ ತಂಗಿಗೂ ಅದೇ, ಪರಿಚಯವೇ ಇಲ್ಲದವರಿಗೂ ಅದೇ. ಈ ಸಲ ಆ ನೂರನ್ನು ಬಿಟ್ಟು, ನಿಜವಾಗಿ ಕ್ಷಮೆ ಕೇಳಬೇಕಾದ ಒಬ್ಬರ ಮನೆ ಬಾಗಿಲಿಗೆ ಹೋದರೆ ಸಾಕು. ಬಾಗಿಲು ತೆರೆಯುವವರು ಬಹುಶಃ ಬಹಳ ವರ್ಷದಿಂದ ಕಾಯುತ್ತಿರುತ್ತಾರೆ.